ಮೊದಲು ಒಂದು ಲೋಟ ನೀರು ತೆಗಿ

ನೀನು ಕಳಿಸಿದ ಫೋಟೋ ನೋಡಿದೆ ಮಗಾ. ಮೂರಡಿ ಹವಳದ ಟ್ಯಾಂಕಿನಲ್ಲಿ ಹಿಂದಿನ ಕಲ್ಲು ಕಾಣುತ್ತಲೇ ಇಲ್ಲ. ಕ್ಲೌನ್ ಮೀನಿನ ಬಿಳಿ ಪಟ್ಟೆ ಮಾತ್ರ ಹಸಿರಿನ ನಡುವೆ ಎಲ್ಲೋ ಹೊಳೆದ ಹಾಗಿದೆ. ಸಂಬಳದಲ್ಲಿ ಉಳಿಸಿ ಉಳಿಸಿ ಕಟ್ಟಿಕೊಂಡದ್ದು ಹೀಗಾದರೆ ಎಷ್ಟು ಸಂಕಟವಾಗುತ್ತದೆ ಅಂತ ನನಗೆ ಗೊತ್ತು. "ದೊಡ್ಡಮ್ಮಾ, ನಾಳೆಯೊಳಗೆ ತಿಳಿಯಾಗೋ ಹಾಗೆ ಏನಾದ್ರೂ ಹೇಳು" ಅಂದೆಯಲ್ಲ, ಆ 'ನಾಳೆಯೊಳಗೆ' ಅನ್ನುವುದೊಂದನ್ನು ಬಿಟ್ಟುಬಿಡು. ಉಳಿದದ್ದೆಲ್ಲ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ನನ್ನ ಟ್ಯಾಂಕೂ ಹೀಗೇ ಆಗಿತ್ತು. ಅಂಗಡಿಯಲ್ಲಿ ಕೊಟ್ಟ ಪಾಚಿ ಔಷಧಿಯನ್ನು, ಸೀಸೆಯ ಮೇಲೆ ಏನು ಬರೆದಿದೆ ಅಂತ ಓದದೆ, ರಾತ್ರಿ ಮಲಗುವ ಮುಂಚೆ ಸುರಿದೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ಗಂಜಿ ತಿಳಿಯ ಹಾಗೆ ಬೆಳ್ಳಗಾಗಿತ್ತು. ಎರಡು ಸೀಗಡಿ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ಕ್ಲೌನ್ ಜೋಡಿ ಮೇಲಕ್ಕೆ ಬಂದು ಉಸಿರಿಗೆ ಒದ್ದಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜೋಡಿಯಲ್ಲಿ ದೊಡ್ಡದು ಹೋಯಿತು. ನಾಲ್ಕು ವರ್ಷ ಸಾಕಿದ ಮೀನು, ನಾನು ಹತ್ತಿರ ಹೋದರೆ ಗಾಜಿನ ಬಳಿ ಬಂದು ನಿಲ್ಲುತ್ತಿತ್ತು. ಪಾಚಿಯೇನೋ ಒಂದೇ ರಾತ್ರಿಯಲ್ಲಿ ಸತ್ತಿತ್ತು. ಸತ್ತ ಪಾಚಿ ನೀರಿನಲ್ಲೇ ಕೊಳೆಯಿತು, ಅದನ್ನು ತಿನ್ನಲು ಬ್ಯಾಕ್ಟೀರಿಯಾ ಮುಗಿಬಿದ್ದವು, ನೀರಿನಲ್ಲಿದ್ದ ಆಮ್ಲಜನಕವನ್ನು ಅವೇ ಹೀರಿಬಿಟ್ಟವು. ಸಾಲದ್ದಕ್ಕೆ ಇಂಥ ಔಷಧಿಗಳಲ್ಲಿ ಹಲವಕ್ಕೆ ತಾಮ್ರ ಬೆರೆಸಿರುತ್ತಾರೆ. ಮೀನು ಹೇಗೋ ತಡೆದುಕೊಂಡೀತು, ಸೀಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಅವತ್ತಿನಿಂದ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಪಾಚಿ ಏನು ತಿಂದು ಇಷ್ಟು ಬೆಳೆಯಿತು?

ಅದಕ್ಕೂ ಮುಂಚೆ ಕದಡಿರುವುದು ಯಾವುದರಿಂದ ಅಂತ ತಿಳಿಯಬೇಕು. ಸೋಪು ಸೋಕದ ಒಂದು ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತುಂಬಿ ಬಿಳಿ ಕಾಗದದ ಮುಂದೆ ಹಿಡಿ. ಲೋಟದ ನೀರೇ ಹಸಿರಾಗಿದ್ದರೆ ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ. ಲೋಟದಲ್ಲಿ ತಿಳಿಯಾಗಿದ್ದು ಟ್ಯಾಂಕು ಮಾತ್ರ ಹಸಿರು ಕಂಡರೆ ಗಾಜಿಗೆ ಹತ್ತಿದ ಪಾಚಿ, ಮ್ಯಾಗ್ನೆಟ್ ಬ್ರಷ್‌ನಿಂದ ಉಜ್ಜಿದರೆ ಮುಗಿಯಿತು. ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ ಬೆಳ್ಳಗಿದ್ದರೆ ಬ್ಯಾಕ್ಟೀರಿಯಾ. ಆಗ ಕಲ್ಲಿನ ಹಿಂದೆ ಏನಾದರೂ ಸತ್ತು ಬಿದ್ದಿದೆಯೋ ನೋಡು, ಊಟ ಕಡಿಮೆ ಮಾಡು, ಗಾಳಿ ಹೆಚ್ಚು ಮಾಡು, ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ. ಒಂದು ಗಂಟೆ ಅಲ್ಲಾಡಿಸದೆ ಇಟ್ಟಾಗ ತಳದಲ್ಲಿ ಬಿಳಿ ಪುಡಿ ಕೂತರೆ ಮರಳಿನ ದೂಳು, ಇಲ್ಲವೇ ನೀನು ಹಾಕಿದ ಕ್ಯಾಲ್ಸಿಯಂ ಹೆಚ್ಚಾಗಿ ಒಡೆದು ಕೂತದ್ದು. ನಿನ್ನದು ಮೊದಲನೆಯದೇ ಅಂತ ನನ್ನ ಅಂದಾಜು, ಆದರೂ ಲೋಟದಲ್ಲಿ ನೋಡದೆ ಕೈ ಹಾಕಬೇಡ.

ನೀನು ಅಡುಗೆಮನೆಯ ಆರ್‌ಒ ನೀರನ್ನೇ ಹಾಕುತ್ತೀಯ ಅಂತ ನಿನ್ನಮ್ಮ ಹೇಳಿದಳು. ನನ್ನ ಮೊದಲ ಅನುಮಾನ ಅದರ ಮೇಲೆ. ಕುಡಿಯುವ ನೀರಿನ ಎಷ್ಟೋ ಮೆಷಿನ್‌ಗಳಲ್ಲಿ ರುಚಿಗೆ ಅಂತ ಸ್ವಲ್ಪ ಕಚ್ಚಾ ನೀರನ್ನೋ ಖನಿಜವನ್ನೋ ವಾಪಸ್ ಬೆರೆಸುವ ಏರ್ಪಾಡು ಇರುತ್ತದೆ. ನಮಗೆ ಅದು ಒಳ್ಳೆಯದು, ಹವಳಕ್ಕಲ್ಲ. ನಿಮ್ಮದು ಬೋರ್‌ವೆಲ್ ನೀರು. ಅದರಲ್ಲಿ ನೈಟ್ರೇಟ್ ಇದ್ದರೆ, ಸಿಲಿಕಾ ಇದ್ದರೆ, ಅದರಲ್ಲೊಂದು ಪಾಲು ಟ್ಯಾಂಕಿಗೆ ಹೋಗುತ್ತದೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡು, ನಲವತ್ತೋ ಅರವತ್ತೋ ತೋರಿಸಿದರೆ ಆಶ್ಚರ್ಯಪಡಬೇಡ. ನಮಗೆ ಬೇಕಾದದ್ದು ಸೊನ್ನೆ. ಆರ್‌ಒ ಆದ ಮೇಲೆ ಡಿಐ ರೆಸಿನ್ ತುಂಬಿದ ಇನ್ನೊಂದು ಕೊಳವೆಯೊಳಗಿಂದ ನೀರು ಹಾಯಬೇಕು, ಆಗಲೇ ಸೊನ್ನೆ ಬರುವುದು.

ಇದಕ್ಕೆ ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬೇಸಿಗೆಯಲ್ಲಿ ನಿನ್ನ 180 ಲೀಟರ್ ಟ್ಯಾಂಕಿನಿಂದ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗುತ್ತದೆ. ಅಷ್ಟನ್ನೂ ನೀನು ಮತ್ತೆ ತುಂಬಿಸುತ್ತೀಯ. ಹೋಗುವುದು ಬರೀ ನೀರು, ಅದರ ಜೊತೆ ಬಂದದ್ದು ಒಳಗೇ ಉಳಿಯುತ್ತದೆ. ಒಲೆಯ ಮೇಲೆ ಮರೆತ ಸಾರು ಬತ್ತಿದಂತೆಲ್ಲ ಉಪ್ಪು ಏರುವುದಿಲ್ಲವೇ, ಹಾಗೆ. ತಿಂಗಳಿಗೆ ಅರವತ್ತರಿಂದ ತೊಂಬತ್ತು ಲೀಟರ್ ನೀರಿನ ಕಸವನ್ನು ನೀನೇ ಕೂಡಿಟ್ಟ ಲೆಕ್ಕ.

ಎರಡನೆಯದು ಊಟ. ಫ್ರೀಜರ್‌ನಿಂದ ತೆಗೆದ ಸೀಗಡಿ ತುಂಡನ್ನು ಹಾಗೇ ಹಾಕುತ್ತೀಯಲ್ಲವೇ? ಇವತ್ತು ಒಂದು ಬಟ್ಟಲಲ್ಲಿ ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಕೆಳಗೆ ಇಳಿದ ನೀರು ನೋಡು. ಕಂದು ಬಣ್ಣ, ಮೀನು ತೊಳೆದ ನೀರಿನ ವಾಸನೆ. ಅದನ್ನು ಮೀನು ತಿನ್ನುವುದಿಲ್ಲ, ಪಾಚಿ ತಿನ್ನುತ್ತದೆ. ಅದನ್ನು ಸಿಂಕಿಗೆ ಚೆಲ್ಲಿ ಜಾಲರಿಯಲ್ಲಿ ಉಳಿದದ್ದನ್ನಷ್ಟೇ ಹಾಕು, ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಒಂದು ಸಲ. ಕ್ಲೌನ್ ಮೀನು ಯಾವಾಗಲೂ ಹಸಿದ ಹಾಗೆ ನೋಡುತ್ತದೆ, ಅದಕ್ಕೆ ಕರಗಬೇಡ. ಮತ್ತೆ ಲೈಟು: ಹನ್ನೊಂದು ತಾಸು ಉರಿಸುತ್ತಿದ್ದರೆ ಎಂಟಕ್ಕೆ ಇಳಿಸು. ಪಡುವಣ ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳದ ಹಾಗೆ ಪರದೆ ಹಾಕು.

ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆ. ಟೆಸ್ಟ್ ಕಿಟ್ ಸೊನ್ನೆ ತೋರಿಸಿದರೆ ನಂಬಿ ಕೂರಬೇಡ, ಇದ್ದದ್ದನ್ನೆಲ್ಲ ಪಾಚಿ ಆಗಲೇ ತಿಂದು ಮುಗಿಸಿರುತ್ತದೆ. ನೀರು ಬದಲಿಸಿದರೆ ಸಾಕಲ್ಲ ಅನ್ನಬಹುದು. ಬದಲಿಸಬೇಕು, ಆದರೆ ಲೆಕ್ಕ ನೋಡು: ಹತ್ತನೇ ಒಂದು ಭಾಗ ನೀರು ಬದಲಿಸಿದರೆ 40 ಇದ್ದ ನೈಟ್ರೇಟ್ 36ಕ್ಕೆ ಬರುತ್ತದೆ, ಅಷ್ಟೇ. ಫಾಸ್ಫೇಟ್ ಇನ್ನೂ ಹಟಮಾರಿ. ಅದು ಕಲ್ಲಿನಲ್ಲೂ ಮರಳಿನಲ್ಲೂ ಹಿಡಿದುಕೊಂಡಿರುತ್ತದೆ, ನೀರಿನಲ್ಲಿ ಕಡಿಮೆಯಾದಂತೆ ಒಳಗಿಂದ ಮತ್ತೆ ಬಿಡುತ್ತದೆ. ಅದಕ್ಕೇ ಇದು ವಾರದ ಕೆಲಸವಲ್ಲ, ತಿಂಗಳುಗಳ ಕೆಲಸ. ವಾರಕ್ಕೆ 18 ಲೀಟರ್ ಬದಲಿಸು. ಹೊಸ ನೀರಿಗೆ ಲೀಟರಿಗೆ 35ರಿಂದ 38 ಗ್ರಾಂ ಸಮುದ್ರದ ಉಪ್ಪು ಹಾಕಿ, ಪಂಪ್ ಬಿಟ್ಟು, ಪೂರ್ತಿ ತಿಳಿಯಾಗುವ ತನಕ ಕಾಯ್ದು, ಸಾಂದ್ರತೆ 1.025 ಇದೆಯೇ ನೋಡಿ ಆಮೇಲೆ ಸುರಿ.

ತೇಲುವ ಹಸಿರಿಗೆ ಮೂರು ದಿನ ಕತ್ತಲೆ ಕೊಡುವುದು ನನಗೆ ಫಲ ಕೊಟ್ಟಿದೆ. ಲೈಟ್ ಆರಿಸಿ ದಪ್ಪ ಬೆಡ್‌ಶೀಟ್ ಹೊದಿಸು. ಮೂರು ದಿನವನ್ನು ಹವಳ ತಡೆದುಕೊಳ್ಳುತ್ತದೆ, ಅದಕ್ಕಿಂತ ಎಳೆಯಬೇಡ. ಯುವಿ ದೀಪದ ಕೊಳವೆ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಅದರೊಳಗೆ ನಿಧಾನ ಹರಿಯಬೇಕು. ಕಲ್ಲಿಗೆ ಅಂಟಿದ ಪಾಚಿಗೆ ಅದು ಏನೂ ಮಾಡದು, ಅದನ್ನು ಕೈಯಿಂದ ಕಿತ್ತು, ಪೈಪಿನಿಂದ ಎಳೆದು ಹೊರಗೆ ಹಾಕಬೇಕು. ಈ ಎಲ್ಲ ದಿನಗಳಲ್ಲೂ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ನಿಲ್ಲಬಾರದು. ಅದರ ಬಟ್ಟಲನ್ನು ದಿನಾ ತೊಳೆ. ಪಂಪಿನ ಬಾಯಿಯನ್ನು ಮೇಲ್ಮೈ ಕಡೆ ತಿರುಗಿಸು, ನೀರು ಮೇಲೆ ಅಲೆಯಾಡುತ್ತಿರಲಿ. ಪಾಚಿ ಸಾಯುವಾಗಲೇ ಮೀನಿಗೆ ಉಸಿರು ಕಟ್ಟುವುದು ಅನ್ನುವುದನ್ನು ನನ್ನ ಮನೆಯಲ್ಲಿ ಕಂಡಿದ್ದೇನೆ.

ಫಾಸ್ಫೇಟ್ ಹೀರುವ ತುಕ್ಕು ಬಣ್ಣದ ಕಾಳುಗಳು ಸಿಗುತ್ತವೆ, ಅವನ್ನು ಸ್ವಲ್ಪವೇ ಹಾಕಿ ಶುರುಮಾಡು. ಎಲ್ಲವನ್ನೂ ಸೊನ್ನೆಗೆ ಇಳಿಸುವ ಹಟ ಬೇಡ. ಹವಳದ ಮೈಯೊಳಗೆ ಇರುವುದೂ ಒಂದು ಜಾತಿಯ ಪಾಚಿಯೇ ಕಣೋ. ಝೂಕ್ಸಾಂಥೆಲ್ಲೆ ಅನ್ನುತ್ತಾರೆ. ಅದು ಬೆಳಕಿನಲ್ಲಿ ಅನ್ನ ಮಾಡಿ ಹವಳಕ್ಕೆ ಕೊಡುತ್ತದೆ. ನೀರಿನಲ್ಲಿ ಏನೂ ಇಲ್ಲದಂತೆ ಮಾಡಿದರೆ ಅದೂ ಉಪವಾಸ, ಹವಳವೂ ಉಪವಾಸ. ಮೇಲಿಂದ ಡೈನೊಫ್ಲಾಜೆಲೇಟ್ ಅನ್ನುವ ಲೋಳೆ ಕಂದು ಪಿಡುಗು ಬರುವುದೂ ಅಂಥ ಬರಿದಾದ ನೀರಿನಲ್ಲೇ. ನೈಟ್ರೇಟ್ ಐದು ಹತ್ತು, ಫಾಸ್ಫೇಟ್ 0.03ರಿಂದ 0.1ರೊಳಗೆ ನಿಂತರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ.

ಪಾಚಿಯನ್ನು ಪಾಚಿಯಿಂದಲೇ ಹಿಡಿತದಲ್ಲಿಡಬಹುದು ಅಂತ ನನಗೆ ಧೈರ್ಯ ಬಂದದ್ದು ವಾಲ್ಟರ್ ಏಡಿ ಅನ್ನುವ ವಿಜ್ಞಾನಿಯ ಕೆಲಸ ಓದಿದ ಮೇಲೆ. 1980ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಜನರ ನೋಟಕ್ಕೆ ತೆರೆದ ಹವಳದ ತೊಟ್ಟಿಯಲ್ಲಿ, ಪಾಚಿಯನ್ನು ಬೇರೆಯೇ ಜಾಗದಲ್ಲಿ ಲೈಟು ಕೊಟ್ಟು ಬೆಳೆಸಿ, ಆಗಾಗ ಕೆರೆದು ತೆಗೆದು ಅವರು ನೀರು ಶುದ್ಧವಾಗಿಟ್ಟರು. ನಿನ್ನ ಟ್ಯಾಂಕಿನ ಕೆಳಗಿನ ಸಂಪಿನಲ್ಲಿ ಕೀಟೊ ಪಾಚಿಯ ಒಂದು ಉಂಡೆ ಹಾಕಿ ರಾತ್ರಿ ಹೊತ್ತು ಅದಕ್ಕೆ ಲೈಟು ಕೊಡು. ಹಗ್ಗದ ಸಿಕ್ಕಿನ ಹಾಗೆ ಬೆಳೆಯುತ್ತದೆ. ತಿಂಗಳಿಗೊಮ್ಮೆ ಅರ್ಧ ಕಿತ್ತು ಹೊರಗೆ ಹಾಕಿದರೆ, ಅದು ತಿಂದದ್ದೆಲ್ಲ ಅದರ ಜೊತೆಗೇ ಹೊರಗೆ ಹೋಯಿತು.

ಇನ್ನೊಂದು ಮಾತು. ಸಮುದ್ರದ ಜೀವಂತ ಕಲ್ಲು ತಂದು ಹಾಕಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರಂತೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಒಂದು ತುಂಡು ತರುವ ಯೋಚನೆ ಕನಸಿನಲ್ಲೂ ಬೇಡ. ಅಂಥ ಕಲ್ಲು ಹವಳದ್ದೇ, ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಅಲ್ಲಿರುವುದು ಅಲ್ಲೇ ಇರಲಿ. ನಿನ್ನ ಒಣ ಕಲ್ಲಿಗೂ ಕಾಲ ಕೊಟ್ಟರೆ ಜೀವ ಬರುತ್ತದೆ.

ಗುರುವಾರ ರಾತ್ರಿ ಬೆಡ್‌ಶೀಟ್ ಹೊದಿಸು, ಭಾನುವಾರ ರಾತ್ರಿ ತೆಗೆಯೋಣ. ನಾನೂ ಬರುತ್ತೇನೆ, ನನ್ನ ಟಿಡಿಎಸ್ ಮೀಟರನ್ನೂ ತರುತ್ತೇನೆ. ಅಷ್ಟರಲ್ಲಿ ಬ್ಯಾಟರಿಯ ಏರ್ ಪಂಪ್ ಒಂದನ್ನು ತಂದಿಟ್ಟಿರು. ನಿಮ್ಮ ಬಡಾವಣೆಯಲ್ಲಿ ಮಳೆ ಬಂದ ರಾತ್ರಿಯೆಲ್ಲ ಕರೆಂಟ್ ಹೋಗುತ್ತದೆ. ಊಟಕ್ಕೆ ಏನೂ ವಿಶೇಷ ಮಾಡಿಸಬೇಡ, ಅಮ್ಮನಿಗೆ ಹೇಳು.