ಹೀಟ್ ಪಂಪ್‌ಗೆ ಹೊಸ ಥರ್ಮೋಸ್ಟ್ಯಾಟ್: ಬಣ್ಣ ನಂಬಬೇಡಿ, ಅಕ್ಷರ ಓದಿ

ಅಮೆರಿಕದ ನಾರ್ತ್ ಕೆರೊಲಿನಾ, ಜಾರ್ಜಿಯಾ, ಟೆಕ್ಸಾಸ್ ಕಡೆ ನೆಲೆಸಿರುವ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಹೀಟ್ ಪಂಪ್ ಇರುತ್ತದೆ. ಬೇಸಿಗೆಯಲ್ಲಿ ಮನೆಯೊಳಗಿನ ಶಾಖವನ್ನು ಹೊರಗೆ ಹಾಕುವ ಯಂತ್ರವೇ ಚಳಿಗಾಲದಲ್ಲಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್. ಹಳೆಯದು ಕೆಟ್ಟಾಗ ಅಂಗಡಿಯಿಂದ ಪ್ರೋಗ್ರಾಂ ಮಾಡಬಹುದಾದ ಹೊಸದೊಂದನ್ನು ತಂದು ನಾವೇ ಕೂರಿಸಿಕೊಳ್ಳಬಹುದು. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರುವವರಿಗೆ ಒಂದೆರಡು ಗಂಟೆಯ ಕೆಲಸ. ಆದರೆ ಗ್ಯಾಸ್ ಫರ್ನೇಸ್ ಇರುವ ಸ್ನೇಹಿತರು ಮಾಡಿದ ಹಾಗೆಯೇ ಮಾಡಲು ಹೋಗಬೇಡಿ. ಹೀಟ್ ಪಂಪಿನ ವೈರಿಂಗ್ ಬೇರೆ.

ಕೊಳ್ಳುವ ಮೊದಲೇ ಹಳೆಯ ಥರ್ಮೋಸ್ಟ್ಯಾಟಿನ ಮುಚ್ಚಳ ತೆಗೆದು ನೋಡಿ. ಸಣ್ಣ ಸಣ್ಣ ಬಣ್ಣದ ತಂತಿಗಳು, ಪಕ್ಕದಲ್ಲಿ ‘ಆರ್’, ‘ವೈ’, ‘ಜಿ’, ‘ಓ’ ಎಂಬ ಅಕ್ಷರಗಳು ಕಂಡರೆ ಅದು 24 ವೋಲ್ಟ್‌ನ ವ್ಯವಸ್ಥೆ, ಮುಂದುವರಿಯಬಹುದು. ದಪ್ಪ ತಂತಿಗಳಿದ್ದು 120 ಅಥವಾ 240 ವೋಲ್ಟ್ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಬೇಸ್‌ಬೋರ್ಡ್ ಹೀಟರಿನದು, ಅದಕ್ಕೆ ಬೇರೆಯೇ ಥರ್ಮೋಸ್ಟ್ಯಾಟ್ ಬೇಕು. ‘ಎ’, ‘ಬಿ’, ‘ಸಿ’, ‘ಡಿ’ ಎಂದು ನಾಲ್ಕೇ ಟರ್ಮಿನಲ್‌ಗಳಿದ್ದರೂ ಕೈಹಾಕಬೇಡಿ. ಅಂಥ ಯಂತ್ರ ತನ್ನ ಕಂಪನಿಯ ಥರ್ಮೋಸ್ಟ್ಯಾಟ್ ಜೊತೆ ಮಾತ್ರ ಕೆಲಸ ಮಾಡುತ್ತದೆ. ಇನ್ನು ಹೊಸ ಡಬ್ಬದ ಮೇಲೆ ಹೀಟ್ ಪಂಪ್‌ಗೆ ಹೊಂದುತ್ತದೆ, ಆಕ್ಸಿಲಿಯರಿ ಹೀಟ್ (ನೆರವಿನ ವಿದ್ಯುತ್ ಹೀಟರ್) ಸೌಲಭ್ಯ ಇದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ಮೊದಲು ಕರೆಂಟ್ ತೆಗೆಯಿರಿ

ಹೀಟ್ ಪಂಪ್‌ಗೆ ಸಾಮಾನ್ಯವಾಗಿ ಎರಡು ಬ್ರೇಕರ್: ಒಳಗಿನ ಏರ್ ಹ್ಯಾಂಡ್ಲರ್‌ಗೆ ಒಂದು, ಹೊರಗಿನ ಘಟಕಕ್ಕೆ ಒಂದು. ಎರಡನ್ನೂ ಆಫ್ ಮಾಡಿ. 24 ವೋಲ್ಟ್ ಮನುಷ್ಯನಿಗೆ ದೊಡ್ಡ ಅಪಾಯವಲ್ಲ ಎಂದು ಕೆಲವರು ಹಾಗೇ ಕೆಲಸ ಶುರು ಮಾಡುತ್ತಾರೆ. ಆದರೆ ‘ಆರ್’ ತಂತಿ ‘ಸಿ’ ತಂತಿಗೆ ಒಂದು ಕ್ಷಣ ತಗುಲಿದರೂ ಏರ್ ಹ್ಯಾಂಡ್ಲರಿನ ಬೋರ್ಡಿನ ಮೇಲಿರುವ 3 ಅಥವಾ 5 ಆಂಪಿಯರ್‌ನ ಫ್ಯೂಸ್ ಹಾರುತ್ತದೆ. ಆ ಫ್ಯೂಸ್ ಇಲ್ಲದ ಹಳೆಯ ಯಂತ್ರಗಳಲ್ಲಿ ಟ್ರಾನ್ಸ್‌ಫಾರ್ಮರೇ ಸುಡಬಹುದು. ತಂತಿಯ ಹತ್ತಿರ ಹಿಡಿದು ನೋಡುವ ಪೆನ್ನಿನಂಥ ಟೆಸ್ಟರ್ ಸಾಮಾನ್ಯವಾಗಿ 24 ವೋಲ್ಟನ್ನು ತೋರಿಸುವುದಿಲ್ಲ. ಮಲ್ಟಿಮೀಟರನ್ನು ಏಸಿ ವೋಲ್ಟೇಜಿಗೆ ಇಟ್ಟು ‘ಆರ್’ ಮತ್ತು ‘ಸಿ’ ನಡುವೆ ನೋಡಿ. ಸೊನ್ನೆ ಬರಬೇಕು.

ಈಗ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಿರಿ. ಪ್ರತಿ ತಂತಿಯೂ ಅದರ ಅಕ್ಷರವೂ ಒಂದೇ ಚಿತ್ರದಲ್ಲಿ ಓದಲು ಬರುವಂತಿರಲಿ. ಆಮೇಲೆ ಡಬ್ಬದಲ್ಲಿ ಬರುವ ಅಂಟುಚೀಟಿಗಳನ್ನು, ಇಲ್ಲದಿದ್ದರೆ ಟೇಪಿನ ಚೂರುಗಳನ್ನು, ತಂತಿಗಳಿಗೆ ಸುತ್ತಿ ಅಕ್ಷರ ಬರೆಯಿರಿ. ಬರೆಯಬೇಕಾದದ್ದು ತಂತಿಯ ಬಣ್ಣವನ್ನಲ್ಲ, ಅದು ಕೂತಿದ್ದ ಟರ್ಮಿನಲ್‌ನ ಅಕ್ಷರವನ್ನು. ಕೆಂಪು ‘ಆರ್’, ಹಳದಿ ‘ವೈ’, ಹಸಿರು ‘ಜಿ’ ಎಂಬುದು ಬರೀ ರೂಢಿ. ಹಿಂದೆ ಬಂದ ಕೆಲಸಗಾರ ಕೈಗೆ ಸಿಕ್ಕ ಬಣ್ಣವನ್ನು ಹಾಕಿ ಹೋಗಿರಬಹುದು. ಕಿತ್ತ ತಂತಿಗಳು ಗೋಡೆಯೊಳಗೆ ಜಾರದಂತೆ ಒಂದು ಪೆನ್ಸಿಲಿಗೆ ಸುತ್ತಿಡಿ.

ಯಾವ ಅಕ್ಷರಕ್ಕೆ ಯಾವ ಕೆಲಸ

‘ಆರ್’ ಟ್ರಾನ್ಸ್‌ಫಾರ್ಮರಿನಿಂದ ಬರುವ 24 ವೋಲ್ಟ್. ಹೊಸದರಲ್ಲಿ ‘ಆರ್‌ಸಿ’, ‘ಆರ್‌ಎಚ್’ ಎಂದು ಎರಡಿದ್ದರೆ ಅವೆರಡನ್ನು ಸೇರಿಸುವ ಜಂಪರ್ (ಸಣ್ಣ ತಂತಿಯ ತುಂಡು) ಬೇಕೇ ಎಂದು ಅದರ ಪುಸ್ತಕದಲ್ಲಿ ನೋಡಿ. ‘ವೈ’ ಕಂಪ್ರೆಸರಿಗೆ, ‘ಜಿ’ ಒಳಗಿನ ಫ್ಯಾನಿಗೆ. ‘ಸಿ’ ವಾಪಸ್ ಹೋಗುವ ದಾರಿ, ಅಂದರೆ ಕಾಮನ್. ವೈಫೈ ಇರುವ ಥರ್ಮೋಸ್ಟ್ಯಾಟಿಗೆ ಇದು ಬೇಕೇ ಬೇಕು ಎಂದುಕೊಳ್ಳಿ. ಹಳೆಯದರಲ್ಲಿ ‘ಸಿ’ ಇರದಿದ್ದರೆ ಗೋಡೆಯೊಳಗೆ ಬಳಸದ ತಂತಿಯೊಂದು ಮಡಚಿಕೊಂಡಿರಬಹುದು. ಅದರ ಇನ್ನೊಂದು ತುದಿಯನ್ನು ಏರ್ ಹ್ಯಾಂಡ್ಲರಿನ ‘ಸಿ’ಗೆ ಸೇರಿಸಿದರಾಯಿತು.

‘ಡಬ್ಲ್ಯು-2’ ಅಥವಾ ‘ಆಕ್ಸ್’ ಎಂಬುದು ಕಾಯಿಲ್‌ಗಳ ವಿದ್ಯುತ್ ಹೀಟರಿಗೆ. ಕೊರೆಯುವ ಚಳಿಯಲ್ಲಿ ಕಂಪ್ರೆಸರಿನ ಜೊತೆಗೆ ಇದೂ ಓಡುತ್ತದೆ. ‘ಇ’ ಎಂಬ ಎಮರ್ಜೆನ್ಸಿ ಹೀಟ್ ಕಂಪ್ರೆಸರನ್ನು ನಿಲ್ಲಿಸಿ ಕಾಯಿಲ್‌ಗಳನ್ನು ಮಾತ್ರ ಓಡಿಸುತ್ತದೆ. ಹಳೆಯದರಲ್ಲಿ ಇವೆರಡರ ನಡುವೆ ಸಣ್ಣ ತಂತಿಯ ತುಂಡು ಇದ್ದರೆ ಹೊಸದರ ಪುಸ್ತಕದಲ್ಲಿ ಅದು ಬೇಕೋ ಬೇಡವೋ ನೋಡಿ.

ಎಲ್ಲಕ್ಕಿಂತ ಗಮನ ಬೇಕಾದದ್ದು ‘ಓ’ ಮತ್ತು ‘ಬಿ’. ಇದು ಶಾಖ ಹೊರುವ ರೆಫ್ರಿಜರೆಂಟ್ ಹರಿಯುವ ದಿಕ್ಕನ್ನು ತಿರುಗಿಸುವ ರಿವರ್ಸಿಂಗ್ ವಾಲ್ವಿನ ತಂತಿ. ಗ್ಯಾಸ್ ಫರ್ನೇಸಿನಲ್ಲಿ ಇದು ಇಲ್ಲವೇ ಇಲ್ಲ. ಕ್ಯಾರಿಯರ್, ಲೆನಾಕ್ಸ್, ಗುಡ್‌ಮನ್ ಮುಂತಾದ ಬಹುತೇಕ ಯಂತ್ರಗಳಲ್ಲಿ ತಂಪು ಮಾಡುವಾಗ ಈ ವಾಲ್ವಿಗೆ ಕರೆಂಟ್ ಹೋಗುತ್ತದೆ: ಅದು ‘ಓ’. ರೀಮ್, ರೂಡ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಿಸಿ ಮಾಡುವಾಗ ಹೋಗುತ್ತದೆ: ಅದು ‘ಬಿ’. ಹೊಸ ಥರ್ಮೋಸ್ಟ್ಯಾಟಿನಲ್ಲಿ ಎರಡಕ್ಕೂ ಸೇರಿ ‘ಓ/ಬಿ’ ಎಂಬ ಒಂದೇ ಜಾಗವಿರುತ್ತದೆ. ಯಾವುದು ಎಂದು ಮೆನುವಿನಲ್ಲಿ ಹೇಳಬೇಕು. ಟ್ರೇನ್ ಕಂಪನಿಯ ಅನೇಕ ಹಳೆಯ ಯಂತ್ರಗಳಲ್ಲಿ ಮಾತ್ರ ‘ಬಿ’ ಎಂದರೆ ಕಾಮನ್. ಹಳೆಯದರಲ್ಲಿ ‘ಓ’, ‘ಬಿ’ ಎರಡರಲ್ಲೂ ತಂತಿಗಳಿದ್ದರೆ ಎರಡನ್ನೂ ಒಂದೇ ತೂತಿಗೆ ತುರುಕಬೇಡಿ. ‘ಬಿ’ ತಂತಿ ಎಲ್ಲಿಗೆ ಹೋಗಿದೆ ಎಂದು ಏರ್ ಹ್ಯಾಂಡ್ಲರಿನ ಬೋರ್ಡಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಕಾಮನ್ ಆಗಿದ್ದರೆ ಅದರ ಜಾಗ ‘ಸಿ’.

ತಂತಿಯ ತುದಿಯ ಪ್ಲಾಸ್ಟಿಕ್ಕನ್ನು ಸುಮಾರು 1 ಸೆಂಟಿಮೀಟರ್ ಸುಲಿದು, ನೆಟ್ಟಗೆ ಮಾಡಿ ಟರ್ಮಿನಲ್ಲಿಗೆ ಸೇರಿಸಿ ಬಿಗಿ ಮಾಡಿ. ಮೆಲ್ಲಗೆ ಎಳೆದು ನೋಡಿ, ಅಲುಗಬಾರದು. ಬೆತ್ತಲೆ ತಾಮ್ರ ಹೊರಗೆ ಕಾಣಬಾರದು. ತಂತಿ ಬರುವ ಗೋಡೆಯ ತೂತನ್ನು ಪುಟ್ಟಿಯಿಂದ ಮುಚ್ಚಿ. ಒಳಗಿಂದ ಬರುವ ತಣ್ಣನೆಯ ಗಾಳಿ ಥರ್ಮೋಸ್ಟ್ಯಾಟಿಗೆ ತಪ್ಪು ಲೆಕ್ಕ ಕೊಡುತ್ತದೆ.

ವೈರಿಂಗ್ ಮುಗಿದರೆ ಅರ್ಧ ಕೆಲಸ

ಬ್ರೇಕರ್ ಹಾಕಿ ಸೆಟ್ಟಿಂಗಿಗೆ ಬನ್ನಿ. ಯಂತ್ರದ ಬಗೆ ಹೀಟ್ ಪಂಪ್ ಎಂದು ಆರಿಸಿ, ಫ್ಯಾನ್ ಎಲೆಕ್ಟ್ರಿಕ್, ವಾಲ್ವ್ ‘ಓ’ ಅಥವಾ ‘ಬಿ’. ಆಮೇಲೆ ಹೀಟ್‌ಗೆ ಹಾಕಿ, ಕೋಣೆಯ ಉಷ್ಣತೆಗಿಂತ ಒಂದೆರಡು ಡಿಗ್ರಿ ಫ್ಯಾರನ್‌ಹೀಟ್ ಮಾತ್ರ ಮೇಲಿಡಿ. ಕಂಪ್ರೆಸರನ್ನು ಕಾಪಾಡಲೆಂದು 5 ನಿಮಿಷದ ವಿಳಂಬ ಇರುತ್ತದೆ, ಕಾಯಿರಿ.

ಬೇಕೆಂದೇ ಒಂದೆರಡು ಡಿಗ್ರಿ ಎಂದೆ. ಹೆಚ್ಚು ಏರಿಸಿದರೆ ಆಕ್ಸಿಲಿಯರಿ ಕಾಯಿಲ್ ಹೊತ್ತಿಕೊಂಡು, ವಾಲ್ವ್ ತಲೆಕೆಳಗಾಗಿದ್ದರೂ ಉಗುರು ಬೆಚ್ಚಗಿನ ಗಾಳಿ ಬರುತ್ತದೆ. ತಪ್ಪು ಮುಚ್ಚಿಹೋಗಿ ತಿಂಗಳ ಕೊನೆಗೆ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಹೊರಗಿನ ಘಟಕಕ್ಕೆ ಹೋಗುವ, ಕಪ್ಪು ಹೊದಿಕೆಯ ದಪ್ಪ ತಾಮ್ರದ ಪೈಪನ್ನು ಹೊದಿಕೆ ಮುಗಿಯುವ ಜಾಗದಲ್ಲಿ ಜೋಪಾನವಾಗಿ ಮುಟ್ಟಿ ನೋಡಿ. ಹೀಟ್‌ನಲ್ಲಿ ಅದು ಬಿಸಿಯಾಗಿರಬೇಕು. ತಣ್ಣಗಿದ್ದು ಒಳಗೂ ತಂಪು ಗಾಳಿ ಬಂದರೆ ತಂತಿ ಬಿಚ್ಚುವ ಮೊದಲು ಮೆನುವಿನಲ್ಲಿ ‘ಓ’ ಇದ್ದದ್ದನ್ನು ‘ಬಿ’ ಮಾಡಿ, ‘ಬಿ’ ಇದ್ದರೆ ‘ಓ’ ಮಾಡಿ. ಹೊರಗೆ ತೀರಾ ಚಳಿ ಇರುವಾಗ ತಂಪು ಮಾಡುವ ಪರೀಕ್ಷೆ ಬೇಡ, ಕಂಪ್ರೆಸರಿಗೆ ಒಳ್ಳೆಯದಲ್ಲ.

ಪ್ರೋಗ್ರಾಂ ಮಾಡುವಾಗ ರಾತ್ರಿ ಉಷ್ಣತೆಯನ್ನು ಎಂಟು, ಹತ್ತು ಡಿಗ್ರಿ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸುವ ಅಭ್ಯಾಸ ಹೀಟ್ ಪಂಪಿಗೆ ನಷ್ಟ. ಬೆಳಿಗ್ಗೆ ಬೇಗ ಬಿಸಿ ಮಾಡಲು ಕಾಯಿಲ್‌ಗಳು ಓಡಿ ರಾತ್ರಿ ಉಳಿಸಿದ್ದನ್ನು ತಿಂದುಹಾಕುತ್ತವೆ. ಎರಡು ಮೂರು ಡಿಗ್ರಿ ಸಾಕು. ನಿಧಾನವಾಗಿ ಮೊದಲೇ ಬಿಸಿ ಮಾಡಲು ಆರಂಭಿಸುವ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ.

ಸ್ಕ್ರೀನ್ ಬರಲೇ ಇಲ್ಲವೆಂದರೆ ಏರ್ ಹ್ಯಾಂಡ್ಲರಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ, ಫ್ಯೂಸ್ ಹೋಗಿದೆಯೇ ನೋಡಿ. ಹೊಸ ಫ್ಯೂಸೂ ಹಾರಿದರೆ ಮತ್ತೆ ಮತ್ತೆ ಹಾಕದೆ ತಂತ್ರಜ್ಞರನ್ನು ಕರೆಸಿ. ಹಳೆಯ ಥರ್ಮೋಸ್ಟ್ಯಾಟಿನೊಳಗೆ ಗಾಜಿನ ಬಲ್ಬಿನಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ ಕಂಡರೆ ಅದು ಪಾದರಸ. ದಯವಿಟ್ಟು ಕಸದ ಡಬ್ಬಿಗೆ ಹಾಕಬೇಡಿ. ನಿಮ್ಮ ಕೌಂಟಿಯ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬನ್ನಿ.