ಗಣಕದ ಕಣಜಕ್ಕೊಂದು ನಡುಗೋಡೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯು ಕೆಟ್ಟಾಗ ಅದನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ. ಆಗ ನಮ್ಮ ಟಿಪ್ಪಣಿ, ಚಿತ್ರಗಳ ಗತಿಯೇನು? ಎಲ್ಲವೂ ಒಂದೇ ವಿಭಾಗದಲ್ಲಿದ್ದು ಅದನ್ನು ಫಾರ್ಮ್ಯಾಟ್ ಮಾಡಿದರೆ, ವ್ಯವಸ್ಥೆಯೊಡನೆ ಅವೂ ಅಳಿದುಹೋಗುವುವು.

ಇದಕ್ಕೆ ಉಪಾಯವೇ ಹಾರ್ಡ್ ಡಿಸ್ಕಿನ ವಿಭಜನೆ. ಒಂದೇ ಕಣಜದೊಳಗೆ ನಡುಗೋಡೆಯನ್ನೆತ್ತಿ ಊಟದ ಕಾಳನ್ನೂ ಬಿತ್ತನೆಯ ಬೀಜವನ್ನೂ ಬೇರ್ಪಡಿಸಿಟ್ಟಂತೆ ಇದು. ಆದರೆ ಇಲ್ಲಿಯ ಗೋಡೆಯು ವಸ್ತುವಲ್ಲ. ಪ್ರತಿಯೊಂದು ವಿಭಾಗವೂ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ತಿಳಿಸುವ ಒಂದು ಪಟ್ಟಿ ಮಾತ್ರ. 1983ರಲ್ಲಿ ಐ.ಬಿ.ಎಂ. ಗಣಕಗಳೊಡನೆ ಬಂದ ಪದ್ಧತಿಯಲ್ಲಿ ಈ ಪಟ್ಟಿಯು ಡಿಸ್ಕಿನ ಮೊದಲ 512 ಬೈಟುಗಳೊಳಗೇ ಅಡಗಿದ್ದು, ಅದರಲ್ಲಿ 4 ನಮೂದುಗಳಿಗೆ ಮಾತ್ರ ಎಡೆಯಿತ್ತು. ಈಗಿನ ಜಿ.ಪಿ.ಟಿ. ಪದ್ಧತಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಎಡೆಯುಂಟು.

ಲಿನಕ್ಸ್ ಬಳಸುವ ಅನೇಕರು ಸ್ವಂತ ಕಡತಗಳಿರುವ ‘ಹೋಮ್’ ಕೋಶವನ್ನು ಪ್ರತ್ಯೇಕ ವಿಭಾಗದಲ್ಲಿರಿಸುವರು. ಮರುಸ್ಥಾಪನೆಯ ವೇಳೆ ವ್ಯವಸ್ಥೆಯ ವಿಭಾಗವನ್ನಷ್ಟೇ ಫಾರ್ಮ್ಯಾಟ್ ಮಾಡಿ, ‘ಹೋಮ್’ ವಿಭಾಗವನ್ನು ಹಾಗೆಯೇ ಬಿಟ್ಟರೆ ಕಡತಗಳು ಉಳಿಯುವುವು. ವಿಭಾಗದ ಹೆಸರು, ಗಾತ್ರಗಳನ್ನು ಎರಡು ಬಾರಿ ನೋಡಿಕೊಳ್ಳಬೇಕು. ಗುರುತು ತಪ್ಪಿದರೆ ಬೀಜವೇ ಹೋದೀತು.

ಆದರೂ ಕಣಜಕ್ಕೇ ಬೆಂಕಿ ಬಿದ್ದರೆ ನಡುಗೋಡೆಯಿಂದೇನು ಫಲ? ಡಿಸ್ಕೇ ಕೆಟ್ಟರೆ ಎಲ್ಲ ವಿಭಾಗಗಳೂ ಒಟ್ಟಿಗೆ ನಷ್ಟವಾಗಬಹುದು. ಆದುದರಿಂದ ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನಿಟ್ಟ ಬಳಿಕವೇ ನಾವು ಈ ಕೆಲಸಕ್ಕೆ ಕೈಹಾಕುವುದು ಲೇಸು.