ಘಟ್ಟದ ಮೇಲಿನ ಬೋಟಿಗೆ ಬೆಂಗ್ರೆಯ ಫ್ಯಾನ್

ಮಂಗಳೂರಿನ ಕುಲಶೇಖರದಲ್ಲಿ ಸಮುದ್ರ ಇಲ್ಲ. ನಂದಿನಿ ಡೈರಿ ಉಂಟು, ಕೊರ್ಡೆಲ್ ಚರ್ಚ್ ಉಂಟು, ವೀರನಾರಾಯಣ ದೇವಸ್ಥಾನ ಉಂಟು, ಮೂಡುಬಿದಿರೆ, ಕಾರ್ಕಳ ದಾಟಿ ಶೃಂಗೇರಿಗೆ ಏರುವ ಹೆದ್ದಾರಿ ಉಂಟು. ನನ್ನ ಕೆಲಸ ಬಂದರಿನ ಧಕ್ಕೆಯ ಬಳಿ, ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಕಟ್ಟುವುದು. ಮನೆ ಘಟ್ಟದ ದಾರಿಯಲ್ಲಿರುವುದರಿಂದ ಮೇಲಿನವರ ಎಂಜಿನ್ನುಗಳು ಪಿಕಪ್‌ನಲ್ಲಿ ನೇರ ಅಂಗಳಕ್ಕೇ ಬಂದು ಇಳಿಯುತ್ತವೆ. ಲಿಂಗನಮಕ್ಕಿ ಹಿನ್ನೀರಿನದ್ದಾಗಲಿ, ಹಾರಂಗಿ ಕಡೆಯದ್ದಾಗಲಿ, ದೂರು ಒಂದೇ: ‘ಎಳೆತ ಇಲ್ಲ.’

ಅಂಥ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಅಷ್ಟೆ. 300 ಮೀಟರ್ ಏರಿದರೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಹೋಯಿತು ಎಂದು ಲೆಕ್ಕ ಹಿಡಿಯಬಹುದು. ಲಿಂಗನಮಕ್ಕಿಯ ತುಂಬಿದ ಮಟ್ಟ 1,819 ಅಡಿ, ಅಲ್ಲಿ ನೂರಕ್ಕೆ ಐದು. ಹೇಮಾವತಿಯದ್ದು 2,922 ಅಡಿ, ಅಲ್ಲಿ ಒಂಬತ್ತರ ಹತ್ತಿರ. ಊಟಿಯಂಥ 2,200 ಮೀಟರಿನ ಜಾಗದಲ್ಲಿ ಐದರಲ್ಲಿ ಒಂದು ಪಾಲು. 40 ಎಚ್‌ಪಿಯ ಎಂಜಿನ್ನು 32ರದ್ದಾಗುತ್ತದೆ. ಅಲ್ಲಿಯ ಚಳಿಯಿಂದ ಗಾಳಿ ಸ್ವಲ್ಪ ದಟ್ಟವಾಗಿರುವ ಕಾರಣ ಇಷ್ಟಕ್ಕೆ ನಿಂತಿತು. ಲಡಾಖಿನ ಪಾಂಗಾಂಗ್ ಸರೋವರ 4,200 ಮೀಟರಿಗೂ ಮೇಲಿದೆ, ಅಲ್ಲಿ ಮೂರರಲ್ಲಿ ಒಂದು ಪಾಲೇ ಇಲ್ಲ.

ಹೋದ ಶಕ್ತಿಯನ್ನು ಯಾವ ಟ್ಯೂನಿಂಗೂ ವಾಪಸ್ ತರುವುದಿಲ್ಲ. ಇದನ್ನು ಗಿರಾಕಿಗೆ ಒಪ್ಪಿಸುವುದೇ ನನ್ನ ಕಸುಬಿನ ಕಷ್ಟದ ಭಾಗ. ರಿಂಗ್ ಹಾಕಿ, ಕಾರ್ಬ್ಯುರೇಟರ್ ಬದಲಿಸಿ, ಹೆಡ್ ತೆಗೆಯಿರಿ ಎನ್ನುತ್ತಾರೆ. ದುಡ್ಡು ಸುರಿಯಲು ತಯಾರು; ಹಿಂದೆ ನೀರಿನೊಳಗೆ ತಿರುಗುವ ಫ್ಯಾನನ್ನು, ಅಂದರೆ ಪ್ರೊಪೆಲ್ಲರನ್ನು, ಮಾತ್ರ ಯಾರೂ ನೋಡುವುದಿಲ್ಲ.

ಫ್ಯಾನಿನ ಮೇಲೆ ಎರಡು ಅಂಕಿ ಕೊರೆದಿರುತ್ತದೆ. ಮೊದಲನೆಯದ್ದು ಅಗಲ, ಎರಡನೆಯದ್ದು ಪಿಚ್. 13 ಎಂದಿದ್ದರೆ, ನೀರು ಜಾರದೆ ಗಟ್ಟಿಯಾಗಿ ನಿಂತಿದ್ದಲ್ಲಿ ಒಂದು ಸುತ್ತಿಗೆ ಹದಿಮೂರು ಇಂಚು ಮುಂದೆ ಹೋಗುತ್ತಿತ್ತು ಎಂದರ್ಥ. ನೀರು ಜಾರುತ್ತದೆ, ಆದ್ದರಿಂದ ಅಷ್ಟು ಹೋಗುವುದಿಲ್ಲ. ಪಿಚ್ ಹೆಚ್ಚಿದ್ದರೆ ವೇಗ ಹೆಚ್ಚು, ಎಂಜಿನ್ನಿನ ಮೇಲೆ ಭಾರವೂ ಹೆಚ್ಚು. ಒಂದು ಇಂಚು ಇಳಿಸಿದರೆ ನಿಮಿಷಕ್ಕೆ 150ರಿಂದ 200 ಸುತ್ತು ಏರುತ್ತದೆ. ಈ ಕೆಲಸದಲ್ಲಿ ಬಾಯಿಪಾಠ ಇರಬೇಕಾದ ಲೆಕ್ಕ ಇದೊಂದೇ.

ಹೇಮಾವತಿ ಹಿನ್ನೀರಿನಲ್ಲಿ, ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಆಚೆಗೆ, ಫೈಬರ್ ಬೋಟು ಇಟ್ಟುಕೊಂಡಿದ್ದವರೊಬ್ಬರು ನನ್ನನ್ನು ಕರೆಸಿದ್ದರು. ಎಂಜಿನ್ 40 ಎಚ್‌ಪಿ, ಟೂ ಸ್ಟ್ರೋಕ್. ‘ಒಬ್ಬನೇ ಕೂತ್ರೆ ಓಡುತ್ತೆ ಸಾರ್, ಜನ ಹತ್ತಿಸಿದ್ರೆ ಮೂತಿ ಎತ್ಕೊಂಡು ನಿಂತೇಬಿಡುತ್ತೆ’ ಎಂದರು. ಸರಿಯಾಗಿ ನೋಡಿಯೇ ಹೇಳಿದ್ದರು. ಇಂಥ ಬೋಟು ಮೊದಲು ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಬೇಕು, ಆಮೇಲೆ ನೀರಿನ ಮೇಲೆ ಚಪ್ಪಟೆಯಾಗಿ ಹಾರುತ್ತದೆ. ತೆಳು ಗಾಳಿಯ ಪೆಟ್ಟು ಮೊದಲು ಬೀಳುವುದು ಈ ದಾಟುವ ಹಂತದಲ್ಲಿ. ಕೊನೆಯ ವೇಗ ಸ್ವಲ್ಪ ಕಡಿಮೆಯಾದರೆ ಯಾರಿಗೂ ಗೊತ್ತಾಗದು, ಬೋಟು ಏಳದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.

ನಾನು ಸ್ಪ್ಯಾನರ್ ಮುಟ್ಟುವ ಮೊದಲು ಪ್ಲಗ್ಗಿನ ವಯರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಹಾಕುತ್ತೇನೆ. ಕಿವಿಯನ್ನು ನಂಬುವ ಮೇಸ್ತ್ರಿಗಳಿದ್ದಾರೆ, ನಾನು ನಂಬುವುದಿಲ್ಲ. ಪೂರ್ತಿ ಜನ, ಪೂರ್ತಿ ಎಣ್ಣೆ, ಪೂರ್ತಿ ಥ್ರಾಟಲ್. ಕೈಪಿಡಿಯ ಪ್ರಕಾರ ಸುತ್ತು 4,500ರಿಂದ 5,500ರ ನಡುವೆ ಇರಬೇಕಿತ್ತು. ಮುಳ್ಳು 4,200ರಲ್ಲೇ ನಿಂತಿತು. ಹಾಗೆಯೇ ಓಡಿಸುತ್ತಿದ್ದರೆ ಎಂಜಿನ್ ಕಾಯುತ್ತದೆ, ಪಿಸ್ಟನ್ನಿನ ಮೇಲೆ ಕರಿ ಕಟ್ಟುತ್ತದೆ, ಆಗ ರಿಂಗ್ ಹಾಕುವುದು ನಿಜವಾಗಿಯೂ ಬೇಕಾಗುತ್ತದೆ.

ಚೀಲದಲ್ಲಿದ್ದ 11ರ ಪಿಚ್ಚಿನ ಫ್ಯಾನ್ ಹಾಕಿದೆ. ಅದೇ ಜನ ಕೂತರು, ಸುತ್ತು 4,600 ಮುಟ್ಟಿತು, ಬೋಟು ಎದ್ದಿತು. ಆ ಫ್ಯಾನ್ ಎಲ್ಲಿಯದು ಎಂದು ಕೇಳಿದರು. ನಮ್ಮ ಬಂದರಿನ ಎದುರಿನ ಮೀನುಗಾರರ ಊರು ಬೆಂಗ್ರೆಯದು ಎಂದೆ. ಬಲೆ, ಮಂಜುಗಡ್ಡೆ, ಮೀನು, ಆಳುಗಳನ್ನು ಹೇರಿಕೊಂಡು ಅಳಿವೆ ಬಾಗಿಲಿನ ತೆರೆಗೆ ಎದುರಾಗಿ ಹೋಗುವ ನಾಡದೋಣಿಗೆ ನಮ್ಮವರು ಕಡಿಮೆ ಪಿಚ್ಚೇ ಹಾಕುವುದು. ಅಲ್ಲಿ ಗಾಳಿ ದಟ್ಟ, ಹೊರೆ ಹೆಚ್ಚು; ಇಲ್ಲಿ ಹೊರೆ ಕಡಿಮೆ, ಗಾಳಿ ತೆಳು. ಎಂಜಿನ್ನಿಗೆ ಎರಡೂ ಒಂದೇ ಸಂಕಟ. ಘಟ್ಟದ ಮೇಲಿನವರು ಬೆಂಗಳೂರಿನಿಂದ ವೇಗದ ಬೋಟಿನ ಫ್ಯಾನ್ ತರಿಸಿಕೊಳ್ಳುತ್ತಾರೆ, ಅವರಿಗೆ ಬೇಕಾದದ್ದು ನಮ್ಮ ಧಕ್ಕೆಯ ಅಂಗಡಿಗಳ ಮೂಲೆಯಲ್ಲಿ ಬಿದ್ದಿರುತ್ತದೆ.

ಫ್ಯಾನ್ ತರಬಹುದು, ಎಂಜಿನ್ ತರುವಾಗ ಜಾಗ್ರತೆ. ನಾಡದೋಣಿಯ ಹಳೆ ಎಂಜಿನ್ನು ಅಗ್ಗಕ್ಕೆ ಸಿಕ್ಕಿತೆಂದು ಮೇಲೆ ಹೊತ್ತವರಿದ್ದಾರೆ. ಅದು ಸೀಮೆಎಣ್ಣೆಯದ್ದಾದರೆ ಒಳಗಿನ ಒತ್ತಡ ಮೊದಲೇ ಕಡಿಮೆ ಇಟ್ಟಿರುತ್ತಾರೆ. ತೆಳು ಗಾಳಿಯಲ್ಲಿ ಅದು ಇನ್ನೂ ಸೋಲುತ್ತದೆ. ಸ್ಟೀಲ್ ಫ್ಯಾನಿನ ಆಸೆಯೂ ಬೇಡ. ಹಿನ್ನೀರಿನಡಿ ಮುಳುಗಿದ ಕಾಡಿನ ಬೊಡ್ಡೆಗಳಿರುತ್ತವೆ. ಅಲ್ಯೂಮಿನಿಯಂ ಎಸಳು ತಾನು ಮಡಚಿಕೊಂಡು ಗೇರನ್ನು ಉಳಿಸುತ್ತದೆ. ಸ್ಟೀಲ್ ಮಡಚುವುದಿಲ್ಲ, ಪೆಟ್ಟು ಒಳಗೆ ಹೋಗುತ್ತದೆ.

ಜೆಟ್ಟಿನ, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಅಳೆದು ಬಿಡುವ ತೂತಿನ, ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಕಾರ್ಬ್ಯುರೇಟರಿಗೆ ಎತ್ತರ ಗೊತ್ತಾಗುವುದಿಲ್ಲ. ಗಾಳಿಯ ತೂಕ ಇಳಿದಷ್ಟು ಪೆಟ್ರೋಲು ಇಳಿಯುವುದಿಲ್ಲ, ಹಾಗಾಗಿ ಮಿಶ್ರಣ ದಪ್ಪವಾಗುತ್ತದೆ: ಹೊಗೆ, ಒದ್ದೆಯಾದ ಕರಿ ಪ್ಲಗ್, ನಿಧಾನದಲ್ಲಿ ತಡವರಿಕೆ. ಹೇಮಾವತಿಯ ಎತ್ತರಕ್ಕೆ ನಾನು ಸಾಮಾನ್ಯವಾಗಿ ಜೆಟ್ ಮುಟ್ಟುವುದಿಲ್ಲ, ಐಡಲ್ ಸರಿಮಾಡಿ ಬಿಡುತ್ತೇನೆ. ನೀಲಗಿರಿಯ ಎತ್ತರಕ್ಕಾದರೆ ಕಂಪನಿಯ ಪಟ್ಟಿ ನೋಡಿ ಸಣ್ಣ ಮೇನ್ ಜೆಟ್ ಹಾಕಲೇಬೇಕು. ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಬೇಕು. ಕಂದು ಬಣ್ಣ ಇದ್ದರೆ ಸರಿ. ಬಿಳಿಯಾಗಿದ್ದರೆ ಜೆಟ್ ವಾಪಸ್ ದೊಡ್ಡದು ಮಾಡಿ. ದಪ್ಪ ಮಿಶ್ರಣ ಹೆಚ್ಚೆಂದರೆ ಹೊಗೆ ಉಗುಳೀತು, ತೆಳು ಮಿಶ್ರಣ ಪಿಸ್ಟನ್ನನ್ನೇ ತಿನ್ನುತ್ತದೆ. ಹೊಸ ಫೋರ್ ಸ್ಟ್ರೋಕ್ ಇಂಜೆಕ್ಷನ್ ಎಂಜಿನ್ನಿನ ಸೆನ್ಸರು ಗಾಳಿಯ ಒತ್ತಡ ಅಳೆದು ಪೆಟ್ರೋಲನ್ನು ತಾನೇ ಇಳಿಸುತ್ತದೆ. ಆದರೂ ಹೋದ ಶಕ್ತಿ ಹೋದದ್ದೇ. ಅದಕ್ಕೂ ಫ್ಯಾನ್ ಬದಲಿಸಬೇಕು.

ಮೇಲಿನ ಸಣ್ಣ ಜೆಟ್ ಹಾಕಿದ ಎಂಜಿನ್ನನ್ನು ಹಾಗೆಯೇ ಘಟ್ಟ ಇಳಿಸಿ ಸಮುದ್ರದಲ್ಲಿ ಓಡಿಸಿದರೆ ಏನಾಗುತ್ತದೆಂದು ಧಕ್ಕೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಗಾಳಿ ದಟ್ಟ, ಪೆಟ್ರೋಲು ಕಡಿಮೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಆಯಿಲೂ ಕಡಿಮೆ. ಕಡಿಮೆ ಪಿಚ್ಚಿನ ಫ್ಯಾನಿನಿಂದಾಗಿ ಸುತ್ತು 5,500 ಮೀರಿ ಓಡುತ್ತದೆ. ಸ್ವಲ್ಪ ಹೊತ್ತು ಬಹಳ ಚೆಂದ ಓಡಿ, ಸೀಜ್ ಆಗುತ್ತದೆ. ಹಾಗಾಗಿ ಜೆಟ್ ಬದಲಿಸಿ ಮೇಲೆ ಕಳಿಸುವ ಪ್ರತಿ ಎಂಜಿನ್ನಿನ ಕವರಿನೊಳಗೆ ಹಳೆ ಜೆಟ್ಟನ್ನು ಪೊಟ್ಟಣ ಕಟ್ಟಿ ಇಡುತ್ತೇನೆ, ಹಳೆ ಫ್ಯಾನನ್ನು ಮಾಲೀಕರ ಕೈಗೇ ಕೊಡುತ್ತೇನೆ. ಮಾರುವಾಗ ಎರಡನ್ನೂ ಎಂಜಿನ್ನಿನ ಜೊತೆಯೇ ಕೊಡಿ ಮಾರಾಯ್ರೇ ಎಂದೂ ಹೇಳುತ್ತೇನೆ. ಫ್ಯಾನ್ ಬಹುತೇಕ ಗುಜರಿಗೆ ಹೋಗಿರುತ್ತದೆ.